ಬ್ರೇಕ್ ಕೊಳ್ಳುವ ಮೊದಲು: ಸ್ಪರ್ಧಾ ರೈಫಲ್‌ನಲ್ಲಿ ಗ್ರೂಪ್ ಚದುರುವ ದೋಷವನ್ನು ಪತ್ತೆಹಚ್ಚುವ ಕ್ರಮ

ಮಂಗಳೂರು, ಉಡುಪಿ, ಮಣಿಪಾಲದ ಕಡೆ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುವವರು, ಅದರಲ್ಲೂ ಮಕ್ಕಳನ್ನು ಶೂಟಿಂಗಿಗೆ ಸೇರಿಸಿದ ತಂದೆತಾಯಂದಿರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿರುತ್ತದೆ: ಮಳೆಗಾಲಕ್ಕೆ ಮೊದಲು ಒಂದೇ ತೂತಿನಲ್ಲಿ ಬೀಳುತ್ತಿದ್ದ ಪೆಲೆಟ್‌ಗಳು (ಏರ್ ರೈಫಲ್ಲಿನ ಸಣ್ಣ ಸೀಸದ ಗುಂಡುಗಳು) ಈಗ ಚದುರುತ್ತಿವೆ, ಯಾವ ಮಜಲ್ ಬ್ರೇಕ್ ಹಾಕಿಸಿದರೆ ಸರಿಹೋಗುತ್ತದೆ? ರೋಗ ಯಾವುದೆಂದು ತಿಳಿಯುವ ಮೊದಲೇ ಮದ್ದನ್ನು ನಿಶ್ಚಯಿಸಿಕೊಂಡು ಬರುವ ಪ್ರಶ್ನೆ ಇದು. ಮಜಲ್ ಬ್ರೇಕ್ ಎಂದರೆ ಬಾಯಿಯಿಂದ ಹೊರಬರುವ ಅನಿಲವನ್ನು ಪಕ್ಕಕ್ಕೆ ತಿರುಗಿಸಿ ಒದೆತ ತಗ್ಗಿಸಲು ಬ್ಯಾರೆಲ್ಲಿನ ತುದಿಗೆ ಜೋಡಿಸುವ ಭಾಗ; ಗ್ರೂಪ್ ಎಂದರೆ ಒಂದೇ ಗುರಿಗೆ ಹೊಡೆದ ಪೆಲೆಟ್‌ಗಳ ತೂತುಗಳ ಗುಂಪು. ಇಂತಹ ದೂರುಗಳಲ್ಲಿ ಬ್ರೇಕ್ ಇಲ್ಲದಿರುವುದೇ ದೋಷವಾಗಿರುವ ಸಂದರ್ಭ ಅಪರೂಪ. ಬ್ಯಾರೆಲ್ಲಿನ ತುದಿಯಲ್ಲಿ ಈಗಾಗಲೇ ಇರುವ ವಸ್ತು ಸರಿಯಾಗಿ ಕುಳಿತಿಲ್ಲದಿರುವುದು, ಇಲ್ಲವೇ ದೋಷವು ತುದಿಯಲ್ಲಿ ಇಲ್ಲದೆ ಬೇರೆಲ್ಲೋ ಇರುವುದು ಸಾಮಾನ್ಯ. ಆದ್ದರಿಂದ ಬ್ರೇಕಿನ ಆಯ್ಕೆಯನ್ನು ಕೊನೆಗೆ ಇಟ್ಟುಕೊಂಡು, ದೋಷವನ್ನು ಹುಡುಕುವ ಕ್ರಮವನ್ನು ಮೊದಲು ಇಲ್ಲಿ ವಿವರಿಸಲಾಗಿದೆ.

ಕೆಲಸಕ್ಕೆ ಕೈಹಾಕುವ ಮುನ್ನ ಒಂದು ಮಾತು. ಬ್ಯಾರೆಲ್ಲಿನ ಬಾಯಿಯನ್ನು ನೋಡುವ, ಮುಟ್ಟುವ ಪ್ರತಿ ಹಂತದಲ್ಲೂ ಬೋಲ್ಟ್ ತೆರೆದಿರಬೇಕು, ಪೆಲೆಟ್ ಒಳಗಿಲ್ಲವೆಂದು ಹಿಂಬದಿಯಿಂದ ಖಚಿತಪಡಿಸಿಕೊಂಡಿರಬೇಕು, ಗಾಳಿ ತುಂಬುವ ಸಿಲಿಂಡರ್ ಬಿಚ್ಚಲು ಬರುವ ರೈಫಲ್ ಆಗಿದ್ದರೆ ಅದನ್ನು ಬಿಚ್ಚಿ ಬೇರೆ ಇಟ್ಟಿರಬೇಕು. ಏರ್ ರೈಫಲ್ ತಾನೇ ಎಂಬ ಸಲಿಗೆಯಿಂದಲೇ ಅವಘಡಗಳು ಆಗುತ್ತವೆ.

ನಿಯಮ ಏನು ಹೇಳುತ್ತದೆ

ಮೊದಲು ನೋಡಬೇಕಾದದ್ದು ರೈಫಲನ್ನಲ್ಲ, ನಿಯಮಾವಳಿಯನ್ನು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್ ನಿಯಮಗಳ ರೈಫಲ್ ವಿಭಾಗದಲ್ಲಿ ಕಂಪೆನ್ಸೇಟರ್ (ತುದಿ ಮೇಲೇಳದಂತೆ ಒತ್ತಿಹಿಡಿಯುವ ಭಾಗ) ಮತ್ತು ಮಜಲ್ ಬ್ರೇಕ್‌ಗಳು ನಿಷಿದ್ಧ. ಬ್ಯಾರೆಲ್ಲಿಗಾಗಲಿ, ಅದರ ಮುಂದಕ್ಕೆ ಜೋಡಿಸುವ ವಿಸ್ತರಣಾ ಟ್ಯೂಬಿಗಾಗಲಿ ಯಾವ ರೀತಿಯ ರಂಧ್ರವನ್ನೂ ಕೊರೆದಿರಬಾರದು. ಏರ್ ರೈಫಲ್ಲಿನ ಒಟ್ಟು ತೂಕ 5.5 ಕಿಲೋಗ್ರಾಂ ಮೀರುವಂತಿಲ್ಲ. ಯಂತ್ರಭಾಗದ ಹಿಂತುದಿಯಿಂದ ಹೊರಗೆ ಕಾಣುವ ಬಾಯಿಯವರೆಗಿನ ಉದ್ದ 850 ಮಿಲಿಮೀಟರ್ ಮೀರುವಂತಿಲ್ಲ. ಉಪಕರಣ ತಪಾಸಣೆಯ ಮೇಜಿನ ಬಳಿ ಇದು ಗೊತ್ತಾದರೆ ಪ್ರಯಾಣದ ಖರ್ಚೂ ಪ್ರವೇಶ ಶುಲ್ಕವೂ ವ್ಯರ್ಥ.

ಈ ವಿಷಯದಲ್ಲಿ ಗೊಂದಲ ಹುಟ್ಟುವುದಕ್ಕೆ ಒಂದು ಸಕಾರಣವಿದೆ. ಪಕ್ಕದ ಲೇನಿನಲ್ಲಿ ಏರ್ ಪಿಸ್ತೂಲು ಹಿಡಿದವರ ಬ್ಯಾರೆಲ್ಲಿನ ತುದಿಯಲ್ಲಿ ಸಾಲು ರಂಧ್ರಗಳೂ ಕಂಪೆನ್ಸೇಟರೂ ಕಾಣುತ್ತವೆ, ಏಕೆಂದರೆ 10 ಮೀಟರ್ ಪಿಸ್ತೂಲಿನಲ್ಲಿ ಅವುಗಳಿಗೆ ಅನುಮತಿ ಇದೆ. ಅದನ್ನು ಕಂಡ ರೈಫಲ್ ಶೂಟರ್ ತನಗೂ ಅದು ಬೇಕೆಂದು ಬಯಸುವುದು ಸಹಜ. ಪಂದ್ಯದ ರೈಫಲ್ಲಿನ ತುದಿಯಲ್ಲಿ ಕಾಣುವ ಉದ್ದನೆಯ ಕೊಳವೆ ಬ್ರೇಕ್ ಅಲ್ಲ. ಅದು ಫೋರ್‌ಸೈಟನ್ನು (ಗುರಿ ಹಿಡಿಯುವ ಮುಂದಿನ ಸೈಟನ್ನು) ಮುಂದಕ್ಕೆ ಒಯ್ದು ಎರಡು ಸೈಟ್‌ಗಳ ನಡುವಿನ ಅಂತರವನ್ನು ಹೆಚ್ಚಿಸಲು ಇರುವ ರಂಧ್ರರಹಿತ ಟ್ಯೂಬ್. ಶಾಲಾ ಮಟ್ಟದಲ್ಲಿ ನಡೆಯುವ ಓಪನ್ ಸೈಟ್, ಪೀಪ್ ಸೈಟ್ (ಸಣ್ಣ ರಂಧ್ರದ ಮೂಲಕ ಗುರಿ ನೋಡುವ ಸೈಟ್) ಸ್ಪರ್ಧೆಗಳಿಗೆ ಹೋಗುವವರು ಆ ಸ್ಪರ್ಧೆಯ ಪ್ರಕಟಣೆಯಲ್ಲಿ ಯಾವ ನಿಯಮ ಅನ್ವಯವೆಂದು ಬರೆದಿದೆಯೋ ಅದನ್ನು ಓದಿಯೇ ಮುಂದುವರಿಯಬೇಕು. ಫೀಲ್ಡ್ ಟಾರ್ಗೆಟ್, ಏರ್‌ಗನ್ ಬೆಂಚ್‌ರೆಸ್ಟ್ ಬಗೆಯ ಸ್ಪರ್ಧೆಗಳಲ್ಲಿ ತುದಿಯ ಏರ್ ಸ್ಟ್ರಿಪ್ಪರ್ (ಪೆಲೆಟ್ಟಿನ ಹಿಂದಿನ ಗಾಳಿಯನ್ನು ಪಕ್ಕಕ್ಕೆ ಸರಿಸುವ ಭಾಗ) ಸಾಮಾನ್ಯವಾದ್ದರಿಂದ ಅಲ್ಲಿ ಈ ಚರ್ಚೆಗೆ ಹೆಚ್ಚು ಅವಕಾಶವಿದೆ.

ದೇಶದ ಕಾನೂನು ಇನ್ನೊಂದು ಗೆರೆಯನ್ನು ಎಳೆದಿದೆ. 4.5 ಮಿಲಿಮೀಟರ್ ವ್ಯಾಸ ಮತ್ತು 20 ಜೂಲ್ ಶಕ್ತಿಯ ಮಿತಿಯೊಳಗಿನ ಏರ್ ರೈಫಲ್ಲಿಗೆ ಪರವಾನಗಿ ಬೇಕಿಲ್ಲ. ಆದರೆ ಪಾಯಿಂಟ್ 22 ಅಥವಾ ಅದಕ್ಕಿಂತ ದೊಡ್ಡ ಬಂದೂಕಿನ ದುರಸ್ತಿಯನ್ನು 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇರುವವರು ಮಾತ್ರ ಮಾಡಬಹುದು. ಮಂಗಳೂರಿನ ಕೈಗಾರಿಕಾ ಪ್ರದೇಶವಾದ ಬೈಕಂಪಾಡಿಯ ಲೇತ್ ಅಂಗಡಿಯವರು ಮೀನುಗಾರಿಕಾ ಬೋಟಿನ ಶಾಫ್ಟನ್ನು ಎಷ್ಟೇ ನಿಖರವಾಗಿ ಕಡೆದುಕೊಡಬಲ್ಲವರಾದರೂ ಅಂತಹ ಬ್ಯಾರೆಲ್ಲಿಗೆ ಥ್ರೆಡ್ ಹಾಕುವುದು ಅವರ ಕೆಲಸವಲ್ಲ. ತೋಟ ಕಾಯಲು ಪರವಾನಗಿ ಪಡೆದ ಕೋವಿ ಇಟ್ಟುಕೊಂಡ ಮನೆಗಳವರೂ ಇದನ್ನು ನೆನಪಿಡಬೇಕು. ಬಂದೂಕಿನ ಸದ್ದನ್ನೋ ಜ್ವಾಲೆಯನ್ನೋ ತಗ್ಗಿಸುವಂತೆ ರೂಪಿಸಿದ ಉಪಕರಣಗಳು ನಿಷಿದ್ಧ ವರ್ಗಕ್ಕೆ ಸೇರಿವೆ. ಬ್ರೇಕ್ ಎಂಬ ಹೆಸರಿನಲ್ಲಿ ಅಂತಹದ್ದನ್ನು ಯಾರಾದರೂ ಮಾರಲು ಬಂದರೆ ಬೆಲೆ ವಿಚಾರಿಸುವುದೂ ಬೇಡ.

ಬ್ರೇಕ್ ಮಾಡುವ ಕೆಲಸ ಯಾವುದು

ದೊಡ್ಡ ರೈಫಲ್ಲಿನಲ್ಲಿ ಬ್ರೇಕಿಗೆ ನಿಜವಾದ ಕೆಲಸವಿದೆ. ಪಾಯಿಂಟ್ 308ರಂತಹ ತೋಟೆಯಲ್ಲಿ ಸುಮಾರು 11 ಗ್ರಾಂ ತೂಕದ ಗುಂಡಿನ ಹಿಂದೆ 3 ಗ್ರಾಂಗೆ ಸಮೀಪದಷ್ಟು ಮದ್ದು ಉರಿಯುತ್ತದೆ, ಮತ್ತು ಆ ಮದ್ದೆಲ್ಲ ಅನಿಲವಾಗಿ ಗುಂಡಿಗಿಂತಲೂ ಹೆಚ್ಚಿನ ವೇಗದಲ್ಲಿ ಬಾಯಿಯಿಂದ ಹೊರನುಗ್ಗುತ್ತದೆ. ಆ ಅನಿಲವನ್ನು ಬ್ರೇಕಿನ ಅಡ್ಡಗೋಡೆಗಳು ತಡೆದು ಪಕ್ಕಕ್ಕೆ ತಿರುಗಿಸಿದಾಗ ರೈಫಲ್ ಮುಂದಕ್ಕೆ ಎಳೆಯಲ್ಪಟ್ಟು, ಭುಜಕ್ಕೆ ಬೀಳುವ ಒದೆತ ಗಣನೀಯವಾಗಿ ಇಳಿಯುತ್ತದೆ.

ಇದೇ ಲೆಕ್ಕವನ್ನು 10 ಮೀಟರ್ ರೈಫಲ್ಲಿಗೆ ಹಾಕಿ ನೋಡೋಣ. ಪೆಲೆಟ್ಟಿನ ತೂಕ ಸುಮಾರು 0.53 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 170 ಮೀಟರ್, ಶಕ್ತಿ 8 ಜೂಲ್‌ಗಿಂತ ಕಡಿಮೆ. 5 ಕಿಲೋ ತೂಕದ ರೈಫಲ್, ಆ ಪೆಲೆಟ್ಟನ್ನು 420 ಮಿಲಿಮೀಟರ್ ಬ್ಯಾರೆಲ್ಲಿನ ಉದ್ದಕ್ಕೂ ತಳ್ಳುವ ಅವಧಿಯಲ್ಲಿ ಪೆಲೆಟ್ಟಿನ ಕಾರಣದಿಂದ ಹಿಂದಕ್ಕೆ ಸರಿಯುವುದು ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಭಾಗದಷ್ಟು ಮಾತ್ರ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಬ್ರೇಕ್ ತನ್ನ ಕೆಲಸವನ್ನು ಆರಂಭಿಸುವುದೇ ಪೆಲೆಟ್ ಬ್ಯಾರೆಲ್ಲಿನ ಬಾಯಿಯನ್ನು ದಾಟಿದ ಮೇಲೆ. ಆ ಹೊತ್ತಿಗೆ ಪೆಲೆಟ್ಟಿನ ದಾರಿ ಬಹುಮಟ್ಟಿಗೆ ನಿಶ್ಚಯವಾಗಿರುತ್ತದೆ. ಒದೆತ ಕಡಿಮೆಯಾದ್ದರಿಂದಲೇ ಆ ಹೊಡೆತದ ಗ್ರೂಪ್ ಕಿರಿದಾಯಿತು ಎನ್ನುವುದಕ್ಕೆ ಆಧಾರವಿಲ್ಲ.

ಹಾಗಾದರೆ ತುದಿಗೆ ಜೋಡಿಸಿದ ವಸ್ತು ಗುರಿಯ ಮೇಲೆ ಪರಿಣಾಮ ಬೀರುವುದು ಹೇಗೆ? ಪೆಲೆಟ್ಟಿನ ಹಿಂದಿನಿಂದ ನುಗ್ಗುವ ಗಾಳಿ ಅದರ ತೆಳುವಾದ ಹಿಂಬದಿಯ ಅಂಚನ್ನು ಓರೆಯಾಗಿ ತಳ್ಳದಂತೆ ಮಾಡುವುದು ಒಂದು. ಏರ್ ಸ್ಟ್ರಿಪ್ಪರ್ ಇರುವುದು ಇದಕ್ಕಾಗಿ. ತುದಿಯಲ್ಲಿ ತೂಕ ಹೆಚ್ಚಿಸಿ ಹಿಡಿತದ ಸಮತೋಲವನ್ನೂ ಬ್ಯಾರೆಲ್ಲಿನ ಕಂಪನವನ್ನೂ ಬದಲಿಸುವುದು ಇನ್ನೊಂದು. ಮೂರನೆಯದು ಪೆಲೆಟ್ಟಿಗೆ ತಾಗುವುದು; ಇದು ಹಾನಿಯನ್ನಷ್ಟೇ ಮಾಡುತ್ತದೆ, ಮತ್ತು ದೂರುಗಳ ಮೂಲವನ್ನು ಹುಡುಕುವಾಗ ಮೊದಲು ಸಂಶಯಿಸಬೇಕಾದದ್ದು ಇದನ್ನೇ.

ಮೂರು ಸ್ಥಿತಿಯ ಪರೀಕ್ಷೆ

ರೈಫಲ್ಲಿಗೆ ಮರಳಿನ ಚೀಲದ ಆಸರೆ ಕೊಟ್ಟು, ಒಂದೇ ಡಬ್ಬಿಯ ಪೆಲೆಟ್‌ಗಳಿಂದ, ಪ್ರತಿ ಕಾರ್ಡಿಗೆ ಹತ್ತರಂತೆ ಹೊಡೆದು ನೋಡಬೇಕು. ಐದೈದು ಹೊಡೆತಗಳ ಗ್ರೂಪನ್ನು ನಂಬಿ ತೀರ್ಮಾನಿಸುವವರು ಸಾಮಾನ್ಯವಾಗಿ ಅದೃಷ್ಟವನ್ನು ಅಳೆಯುತ್ತಿರುತ್ತಾರೆ. ಮೊದಲು ರೈಫಲ್ ಇರುವ ಸ್ಥಿತಿಯಲ್ಲೇ ಮೂರು ಕಾರ್ಡ್, ಆಮೇಲೆ ತುದಿಯ ವಸ್ತುವನ್ನು ಪೂರ್ತಿ ತೆಗೆದು ಮೂರು ಕಾರ್ಡ್, ಕೊನೆಗೆ ಅದನ್ನೇ ಒರೆಸಿ ಮತ್ತೆ ಜೋಡಿಸಿ ಮೂರು ಕಾರ್ಡ್. ಮೂರನೆಯ ಸುತ್ತನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ನನ್ನ ದೃಷ್ಟಿಯಲ್ಲಿ ಹೆಚ್ಚು ತಿಳಿಸಿಕೊಡುವುದು ಅದೇ. ತೆಗೆದಾಗ ಗ್ರೂಪ್ ಕಿರಿದಾಗಿ, ಮತ್ತೆ ಜೋಡಿಸಿದ ಮೇಲೂ ಕಿರಿದಾಗಿಯೇ ಉಳಿದರೆ ವಸ್ತುವಿನಲ್ಲಿ ದೋಷವಿಲ್ಲ, ಅದು ಕುಳಿತಿದ್ದ ರೀತಿಯಲ್ಲಿ ದೋಷವಿತ್ತು ಎಂದರ್ಥ. ಮತ್ತೆ ಜೋಡಿಸಿದಾಗ ಗ್ರೂಪ್ ಪುನಃ ಹಿಗ್ಗಿದರೆ ವಸ್ತುವಿನ ರಂಧ್ರ, ಥ್ರೆಡ್ ಅಥವಾ ಉದ್ದದಲ್ಲೇ ತೊಂದರೆ ಇದೆ. ಮೂರು ಸ್ಥಿತಿಯಲ್ಲೂ ಗ್ರೂಪ್ ಒಂದೇ ರೀತಿ ಹಿಗ್ಗಿದ್ದರೆ ತುದಿಯ ವಸ್ತುವಿನ ಚಿಂತೆಯನ್ನು ಅಲ್ಲಿಗೆ ಬಿಟ್ಟು ಕ್ರೌನ್ (ಬ್ಯಾರೆಲ್ಲಿನ ಬಾಯಿಯ ಅಂಚು), ಗಾಳಿಯ ಒತ್ತಡ, ಸ್ಟಾಕಿನ (ಭುಜಕ್ಕೆ ಆನಿಸಿ ಹಿಡಿಯುವ ಭಾಗದ) ತಿರುಪುಗಳ ಕಡೆಗೆ ಹೋಗಬೇಕು.

ಇಲ್ಲಿ ಎರಡು ಕಡೆ ಮೋಸ ಹೋಗುವ ಸಂಭವವಿದೆ. ತುದಿಯ ತೂಕ ತೆಗೆದಾಗ ಪೆಲೆಟ್ ಬೀಳುವ ಜಾಗ ಹೇಗೂ ಬದಲಾಗುತ್ತದೆ. ಆದ್ದರಿಂದ ಗ್ರೂಪ್ ಎಲ್ಲಿ ಬಿತ್ತು ಎಂಬುದನ್ನು ಬಿಟ್ಟು ಎಷ್ಟು ಅಗಲವಿದೆ ಎಂಬುದನ್ನು ಮಾತ್ರ ಹೋಲಿಸಬೇಕು. ಎರಡನೆಯದಾಗಿ, ಪಂದ್ಯದ ರೈಫಲ್ಲಿನಲ್ಲಿ ಫೋರ್‌ಸೈಟ್ ಆ ಟ್ಯೂಬಿನ ಮೇಲೆಯೇ ಕುಳಿತಿರುವುದರಿಂದ ಟ್ಯೂಬ್ ತೆಗೆದರೆ ಗುರಿ ಹಿಡಿಯಲು ಏನೂ ಉಳಿಯುವುದಿಲ್ಲ. ಅಂತಹ ರೈಫಲ್ಲಿಗೆ ಪರೀಕ್ಷೆಯ ಮಟ್ಟಿಗೆ ದೂರದರ್ಶಕ ಸೈಟ್ ಜೋಡಿಸಿಕೊಂಡು ಒಂಬತ್ತೂ ಕಾರ್ಡುಗಳನ್ನು ಅದರಲ್ಲೇ ಹೊಡೆಯಬೇಕು. ಅರ್ಧ ಪೀಪ್ ಸೈಟಿನಲ್ಲಿ, ಅರ್ಧ ದೂರದರ್ಶಕದಲ್ಲಿ ಹೊಡೆದ ಕಾರ್ಡುಗಳನ್ನು ಹೋಲಿಸಿ ಪ್ರಯೋಜನವಿಲ್ಲ.

ಪೆಲೆಟ್ ತಾಗುತ್ತಿದೆಯೇ

ತಾಗುವ ದೋಷದ ಲಕ್ಷಣ ಹೀಗಿರುತ್ತದೆ: ಹತ್ತರಲ್ಲಿ ಏಳೆಂಟು ಪೆಲೆಟ್‌ಗಳು ಒಟ್ಟಿಗೆ ಬಿದ್ದು, ಉಳಿದವು ಸುಮಾರಾಗಿ ಒಂದೇ ದಿಕ್ಕಿಗೆ ಹಾರಿರುತ್ತವೆ, ಮತ್ತು ಹಾರಿದವುಗಳ ತೂತಿನ ಅಂಚು ಚಪ್ಪಟೆ ತಲೆಯ ಪೆಲೆಟ್ ಮಾಡಬೇಕಾದಷ್ಟು ಚೊಕ್ಕವಾಗಿ ವೃತ್ತಾಕಾರದಲ್ಲಿ ಇರುವುದಿಲ್ಲ. ಕೈ ಅದುರಿ ತಪ್ಪಿದ ಹೊಡೆತಗಳು ಹೀಗೆ ಒಂದೇ ಕಡೆಗೆ ವಾಲುವುದಿಲ್ಲ. ಟ್ರಿಗರ್ ಎಳೆಯುವ ದೋಷದಿಂದ ವಾಲಿದರೂ ತೂತು ಮಾತ್ರ ದುಂಡಗೇ ಇರುತ್ತದೆ.

ಖಚಿತಪಡಿಸಿಕೊಳ್ಳಲು ವಸ್ತುವನ್ನು ಬಿಚ್ಚಿ, ಅದರ ಹೊರಬಾಯಿಯ ಒಳಗೋಡೆಯನ್ನು ಕಾಟನ್ ಬಡ್ಡಿನಿಂದ ಒರೆಸಬೇಕು. ಸುತ್ತಲೂ ಸಮನಾಗಿ ಬೂದು ಬಣ್ಣದ ಸೀಸದ ಧೂಳು ಅಂಟಿದ್ದರೆ ಅದು ಸಹಜ. ಗಡಿಯಾರದ ಮುಳ್ಳು ತೋರಿಸುವ ಯಾವುದೋ ಒಂದು ಗಂಟೆಯ ಸ್ಥಾನದಲ್ಲಿ ಮಾತ್ರ ಹೊಳೆಯುವ ಸೀಸದ ಗೀರು ಇದ್ದರೆ ಪೆಲೆಟ್ ಅಲ್ಲಿ ಉಜ್ಜುತ್ತಿದೆ. ಗೀರು ಮಸುಕಾಗಿದ್ದು ಸಂಶಯ ಉಳಿದರೆ, ಒಳಗೋಡೆಗೆ ಮಾರ್ಕರ್ ಪೆನ್ನಿನ ಶಾಯಿಯನ್ನು ತೆಳುವಾಗಿ ಬಳಿದು, ಒಣಗಿದ ಮೇಲೆ ಐದಾರು ಪೆಲೆಟ್ ಹೊಡೆದು ಶಾಯಿ ಎಲ್ಲಿ ಕಿತ್ತುಹೋಗಿದೆ ಎಂದು ನೋಡಬಹುದು. ಬಿಚ್ಚುವ ಮೊದಲು ಬ್ಯಾರೆಲ್ಲಿಗೂ ವಸ್ತುವಿಗೂ ಸೇರಿದಂತೆ ಪೆನ್ಸಿಲ್ಲಿನಿಂದ ಒಂದು ಗುರುತು ಹಾಕಿಕೊಳ್ಳುವುದನ್ನು ಮರೆಯಬಾರದು. ಗೀರು ಯಾವ ದಿಕ್ಕಿನಲ್ಲಿತ್ತು ಎಂಬುದು ಆಮೇಲೆ ಬೇಕಾಗುತ್ತದೆ.

ತಾಗಲು ಎಷ್ಟು ವಾಲಿದರೆ ಸಾಕು ಎಂಬುದನ್ನು ಒಂದು ಲೆಕ್ಕ ತೋರಿಸುತ್ತದೆ. 60 ಮಿಲಿಮೀಟರ್ ಉದ್ದದ ವಸ್ತು ಥ್ರೆಡ್ಡಿನ ಬುಡದಲ್ಲಿ ಕೇವಲ ಅರ್ಧ ಡಿಗ್ರಿ ಓರೆಯಾಗಿ ಕುಳಿತರೆ ಅದರ ಹೊರಬಾಯಿ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ರಂಧ್ರದ ವ್ಯಾಸ 5.5 ಮಿಲಿಮೀಟರ್ ಆಗಿದ್ದರೆ 4.5 ಮಿಲಿಮೀಟರ್ ಪೆಲೆಟ್ಟಿಗೆ ಪ್ರತಿ ಬದಿಯಲ್ಲಿ ಉಳಿಯುವ ಜಾಗವೂ ಅರ್ಧ ಮಿಲಿಮೀಟರ್ ಮಾತ್ರ. ಬರಿಗಣ್ಣಿಗೆ ಕಾಣದ ಓರೆಯೇ ಇಷ್ಟು ಕೆಡಿಸಬಲ್ಲದು. ಉದ್ದ ಹೆಚ್ಚಿದಂತೆ ರಂಧ್ರವೂ ಅಗಲವಾಗಬೇಕೆಂಬ ನಿಯಮ ಇದರಿಂದಲೇ ಹುಟ್ಟುತ್ತದೆ, ಮತ್ತು ಅಗ್ಗದ ಬ್ರೇಕ್‌ಗಳನ್ನು ತಯಾರಿಸುವವರು ಸಾಮಾನ್ಯವಾಗಿ ಮರೆಯುವುದೂ ಇದನ್ನೇ.

ಥ್ರೆಡ್, ಹೆಗಲು ಮತ್ತು ಕಡಲ ಉಪ್ಪು

ವಸ್ತು ಓರೆಯಾಗಿ ಕೂರಲು ಕಾರಣಗಳನ್ನು ಹುಡುಕುವಾಗ ಥ್ರೆಡ್ಡಿನ ಅಳತೆ ಮೊದಲು. ಏರ್ ರೈಫಲ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಅರ್ಧ ಇಂಚು ವ್ಯಾಸದ, ಇಂಚಿಗೆ 20 ಎಳೆಯ ಥ್ರೆಡ್. ಪಾಯಿಂಟ್ 22 ರೈಫಲ್‌ಗಳಲ್ಲಿ ಅರ್ಧ ಇಂಚಿನದೇ ಆದರೂ 28 ಎಳೆಯದು ಹೆಚ್ಚು. ಎರಡರ ವ್ಯಾಸವೂ ಒಂದೇ ಆದ್ದರಿಂದ ಒಂದಕ್ಕೆ ಇನ್ನೊಂದು ಮೊದಲ ಸುತ್ತು ಹಿಡಿದುಬಿಡುತ್ತದೆ, ಆಮೇಲೆ ಬಿಗಿಯಾಗುತ್ತದೆ, ಬಿಗಿಯಾದದ್ದನ್ನೇ ಭದ್ರವಾಗಿ ಕುಳಿತಿದೆಯೆಂದು ಭಾವಿಸಿ ಇಕ್ಕಳ ಹಾಕಿ ತಿರುಗಿಸುವವರಿದ್ದಾರೆ. ಬೆರಳಿನಲ್ಲಿ ಕೊನೆಯವರೆಗೂ ಸರಾಗವಾಗಿ ತಿರುಗದ ವಸ್ತುವಿಗೆ ಉಪಕರಣ ಬಳಸಬಾರದು. ಥ್ರೆಡ್ ಗೇಜ್ ಇಟ್ಟು ನೋಡಿದರೆ ಸಂಶಯಕ್ಕೆ ಎಡೆಯೇ ಇರುವುದಿಲ್ಲ. ಸಾಧಾರಣ ಲೇತ್ ಅಂಗಡಿಗಳಲ್ಲೂ ಅದು ಇರುತ್ತದೆ.

ಥ್ರೆಡ್ ಹೊಂದಿಕೊಂಡರೂ ವಸ್ತುವನ್ನು ನೇರವಾಗಿ ನಿಲ್ಲಿಸುವುದು ಥ್ರೆಡ್ ಅಲ್ಲ, ಅದರ ಹಿಂದಿರುವ ಚೌಕವಾದ ಹೆಗಲು. ಆ ಹೆಗಲಿಗೂ ವಸ್ತುವಿನ ಹಿಂಬದಿಯ ಮುಖಕ್ಕೂ ನಡುವೆ ಸುತ್ತಲೂ ಬೆಳಕು ಕಾಣದಂತೆ ಕೂಡಿಕೊಳ್ಳಬೇಕು. ನಮ್ಮ ಕರಾವಳಿಯಲ್ಲಿ ಈ ಜಾಗವೇ ಕೆಡುವುದು ಹೆಚ್ಚು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಪ್ಪು ಬೆರೆತ ಗಾಳಿ ಮನೆಯೊಳಗಿನ ಕಬ್ಬಿಣದ ಬಾಗಿಲ ಚಿಲಕವನ್ನೂ ಬಿಡದ ಊರುಗಳಲ್ಲಿ ಅಲ್ಯೂಮಿನಿಯಂ ಬ್ರೇಕನ್ನು ಉಕ್ಕಿನ ಬ್ಯಾರೆಲ್ಲಿಗೆ ತಿರುಗಿಸಿ ಇಟ್ಟರೆ, ತೇವ ಮತ್ತು ಉಪ್ಪಿನ ಸಂಪರ್ಕದಲ್ಲಿ ಎರಡು ಲೋಹಗಳ ನಡುವೆ ವಿದ್ಯುತ್-ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಬಿಚ್ಚಿದಾಗ ಥ್ರೆಡ್ಡಿನಲ್ಲಿ ಕಾಣುವ ಬಿಳಿ ಪುಡಿ ಅದರ ಫಲ. ಆ ಪುಡಿ ಹೆಗಲಿನ ಒಂದು ಬದಿಯಲ್ಲಿ ಗಟ್ಟಿಯಾದರೆ ವಸ್ತು ಅಷ್ಟರಮಟ್ಟಿಗೆ ಓರೆಯಾಗುತ್ತದೆ. ಮಳೆಗಾಲಕ್ಕೆ ಮೊದಲು ಸರಿಯಿದ್ದ ರೈಫಲ್ ಆಟಿ ಕಳೆದು ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಹೊರತೆಗೆದಾಗ ಚದುರಿಸುವ ಸಂಗತಿಗೆ ಇದೊಂದು ಪ್ರಬಲ ಕಾರಣ.

ಪರಿಹಾರ ಸರಳವಾಗಿದೆ. ಜೂನ್ ತಿಂಗಳಿಗೆ ಮೊದಲು ವಸ್ತುವನ್ನು ಬಿಚ್ಚಿ, ಹಿತ್ತಾಳೆ ಅಥವಾ ನೈಲಾನ್ ಬ್ರಷ್ಷಿನಿಂದ ಥ್ರೆಡ್ಡನ್ನೂ ಹೆಗಲನ್ನೂ ಶುಚಿಮಾಡಿ, ಥ್ರೆಡ್ಡಿಗೆ ಮಾತ್ರ ಗ್ರೀಸಿನ ತೆಳು ಲೇಪ ಕೊಟ್ಟು ಮತ್ತೆ ಜೋಡಿಸಬೇಕು. ಗ್ರೀಸ್ ಬ್ಯಾರೆಲ್ಲಿನ ಒಳಕ್ಕೆ ಇಳಿಯಬಾರದು. ಸ್ಪಂಜು ತುಂಬಿದ ಪೆಟ್ಟಿಗೆಯಲ್ಲಿ ಮಳೆಗಾಲವಿಡೀ ರೈಫಲ್ ಇಡುವ ಅಭ್ಯಾಸವನ್ನು ಬಿಡಲೇಬೇಕು, ಏಕೆಂದರೆ ಸ್ಪಂಜು ತೇವವನ್ನು ಹಿಡಿದಿಟ್ಟುಕೊಂಡು ಲೋಹಕ್ಕೆ ಒತ್ತಿಕೊಂಡಿರುತ್ತದೆ; ಪೆಟ್ಟಿಗೆ ಪ್ರಯಾಣಕ್ಕೆ ಮಾತ್ರ. ಗಾಳಿಯಾಡುವ ಕಪಾಟು, ಅದರೊಳಗೆ ಆಗಾಗ ಬಿಸಿಮಾಡಿ ಒಣಗಿಸಿದ ಸಿಲಿಕಾ ಜೆಲ್, ಇಷ್ಟಿದ್ದರೆ ಸಾಕು.

ಥ್ರೆಡ್ ಇಲ್ಲದ ಬ್ಯಾರೆಲ್ಲಿಗೆ ಸಣ್ಣ ತಿರುಪುಗಳಿಂದ ಬಿಗಿಯುವ ಬ್ರೇಕ್‌ಗಳಲ್ಲಿ ಇನ್ನೊಂದು ತೊಂದರೆ ಇದೆ. ತೆಳುವಾದ ಬ್ಯಾರೆಲ್ಲಿಗೆ ಅಲೆನ್ ಕೀ ಹಾಕಿ ಬಲವಾಗಿ ಬಿಗಿದರೆ ಒಳಗಿನ ರಂಧ್ರವೇ ಆ ಜಾಗದಲ್ಲಿ ಸ್ವಲ್ಪ ಒತ್ತಿಹೋಗಬಹುದು. ತಿರುಪು ಸಡಿಲಿಸಿದಾಗ ಗ್ರೂಪ್ ಬದಲಾಗುವುದಾದರೆ ಇದನ್ನು ಸಂಶಯಿಸಬೇಕು. ನೈಲಾನ್ ತುದಿಯ ಕಡ್ಡಿಯಿಂದ ಒಂದು ಪೆಲೆಟ್ಟನ್ನು ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ತಳ್ಳಿದಾಗ ಬಾಯಿಯ ಹತ್ತಿರ ತಡೆದಂತಾದರೆ ಸಂಶಯ ನಿಜವಾಗುತ್ತದೆ. ಕೆಲವು ಬ್ಯಾರೆಲ್‌ಗಳನ್ನು ತಯಾರಕರೇ ತುದಿಯಲ್ಲಿ ತುಸು ಕಿರಿದಾಗಿಸಿರುತ್ತಾರಾದ್ದರಿಂದ ತಿರುಪು ಬಿಗಿದೂ ಸಡಿಲಿಸಿಯೂ ಎರಡು ಸಲ ತಳ್ಳಿ ನೋಡಿಯೇ ಹೋಲಿಸಬೇಕು.

ಕ್ರೌನ್

ಬ್ಯಾರೆಲ್ಲಿನ ಒಳಗೆರೆಗಳು ಕೊನೆಗೊಳ್ಳುವ ಬಾಯಿಯ ಅಂಚಿಗೆ ಕ್ರೌನ್ ಎನ್ನುತ್ತಾರೆ. ಪೆಲೆಟ್ಟಿನ ಹಿಂಬದಿ ಅಂಚು ಎಲ್ಲ ಕಡೆಯಲ್ಲೂ ಒಂದೇ ಕ್ಷಣದಲ್ಲಿ ಬಿಡುಗಡೆಯಾಗಬೇಕಾದದ್ದು ಅಲ್ಲಿ. ಅಂಚಿನ ಒಂದು ಕಡೆ ತುಕ್ಕು ಹಿಡಿದಿದ್ದರೆ ಅಥವಾ ಶುಚಿ ಮಾಡುವ ಕಡ್ಡಿ ತಾಗಿ ಗೀರಿದ್ದರೆ ಗಾಳಿ ಆ ಬದಿಯಿಂದ ಮೊದಲು ನುಗ್ಗಿ ಪೆಲೆಟ್ಟನ್ನು ಓರೆಯಾಗಿಸುತ್ತದೆ. ಕಾಟನ್ ಬಡ್ಡನ್ನು ಒಳಗಿನಿಂದ ಹೊರಕ್ಕೆ ಅಂಚಿನ ಮೇಲೆ ಸುತ್ತಲೂ ಎಳೆದು ನೋಡಿದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುವ ಜಾಗ ಗೀರನ್ನು ತೋರಿಸಿಕೊಡುತ್ತದೆ. ಬ್ರೇಕ್ ಮುಚ್ಚಿಕೊಂಡಿರುವ ರೈಫಲ್ಲಿನಲ್ಲಿ ಕ್ರೌನನ್ನು ವರ್ಷಗಟ್ಟಲೆ ಯಾರೂ ನೋಡಿಯೇ ಇರುವುದಿಲ್ಲ. ಒಳಗೆ ಉಳಿದ ತೇವ ಒಣಗುವುದೂ ಇಲ್ಲ. ಕೆಟ್ಟ ಕ್ರೌನಿನ ಮುಂದೆ ಉತ್ತಮ ಏರ್ ಸ್ಟ್ರಿಪ್ಪರ್ ಹಾಕಿದರೆ ಗ್ರೂಪ್ ಸ್ವಲ್ಪ ಸುಧಾರಿಸಿದಂತೆ ಕಾಣುವುದುಂಟು, ಆದರೆ ಅದು ದೋಷದ ಮೇಲೆ ಹೊದಿಸಿದ ಮುಸುಕು ಅಷ್ಟೇ. ಕ್ರೌನ್ ಕೆಲಸವನ್ನು ಬ್ಯಾರೆಲ್ಲಿನ ಒಳರಂಧ್ರಕ್ಕೆ ಡಯಲ್ ಗೇಜ್ ಇಟ್ಟು ಕೇಂದ್ರೀಕರಿಸಿ ಮಾಡಬಲ್ಲವರ ಕೈಗೇ ಕೊಡಬೇಕು. ಬ್ಯಾರೆಲ್ಲಿನ ಹೊರಮೈ ಹಿಡಿದು ಕೇಂದ್ರ ಕಂಡುಕೊಳ್ಳುವವರಿಗೆ ಕೊಡಬಾರದು, ಏಕೆಂದರೆ ಒಳರಂಧ್ರ ಹೊರಮೈಯ ನಟ್ಟನಡುವೆ ಇರಲೇಬೇಕೆಂದಿಲ್ಲ.

ಸೈಟ್ ಸಡಿಲವೋ, ಬ್ರೇಕ್ ದೋಷವೋ

ಟ್ಯೂಬಿನ ಮೇಲೆ ಫೋರ್‌ಸೈಟ್ ಇರುವ ರೈಫಲ್ಲಿನಲ್ಲಿ ಟ್ಯೂಬಿನ ಅಲುಗಾಟ ಎಂದರೆ ಸೈಟಿನ ಅಲುಗಾಟವೇ. ಎರಡು ಸೈಟ್‌ಗಳ ಅಂತರ 800 ಮಿಲಿಮೀಟರ್ ಎಂದಿಟ್ಟುಕೊಂಡರೆ ಫೋರ್‌ಸೈಟ್ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಸರಿದರೂ 10 ಮೀಟರ್ ದೂರದ ಕಾರ್ಡಿನಲ್ಲಿ ಒಂದೂಕಾಲು ಮಿಲಿಮೀಟರ್ ವ್ಯತ್ಯಾಸವಾಗುತ್ತದೆ. 10 ಮೀಟರ್ ಕಾರ್ಡಿನಲ್ಲಿ ಒಂದು ಅಂಕದಿಂದ ಮುಂದಿನ ಅಂಕಕ್ಕೆ ಇರುವ ದೂರ 2.5 ಮಿಲಿಮೀಟರ್, ಅಂದರೆ ಅರ್ಧ ಅಂಕ ಹೋಯಿತು. ಹತ್ತರ ಚುಕ್ಕೆಯ ವ್ಯಾಸವೇ ಅರ್ಧ ಮಿಲಿಮೀಟರ್ ಆಗಿರುವ ಆಟದಲ್ಲಿ ಇದು ಸಣ್ಣ ಸಂಗತಿಯಲ್ಲ. ಇದರ ಲಕ್ಷಣ ತಾಗುವ ದೋಷಕ್ಕಿಂತ ಬೇರೆಯಾಗಿರುತ್ತದೆ: ತೂತುಗಳೆಲ್ಲ ದುಂಡಗಿರುತ್ತವೆ, ಆದರೆ ಕಾರ್ಡಿನಲ್ಲಿ ಒಂದು ಗ್ರೂಪಿನ ಬದಲು ಎರಡು ಸಣ್ಣ ಗ್ರೂಪ್‌ಗಳು ಕಾಣುತ್ತವೆ. ಖಾಲಿ ರೈಫಲ್ಲಿನ ಟ್ಯೂಬನ್ನು ಬೆರಳಿನಿಂದ ಮೆಲ್ಲನೆ ಎರಡೂ ಬದಿಗೆ ಒತ್ತಿ, ಕೈ ತೆಗೆದ ಮೇಲೆ ಪ್ರತಿ ಸಲ ಒಂದೊಂದು ಹೊಡೆತ ಹೊಡೆದು ನೋಡಿದರೆ ಎರಡು ಗ್ರೂಪ್‌ಗಳೂ ಬೇಕೆಂದಾಗ ಬರುತ್ತವೆ. ರೈಫಲ್ಲನ್ನು ಟ್ಯೂಬಿನಿಂದ ಹಿಡಿದೆತ್ತುವ, ಗೋಡೆಗೆ ಟ್ಯೂಬ್ ಆನಿಸಿ ನಿಲ್ಲಿಸುವ ಅಭ್ಯಾಸ ಇದರ ಮೂಲ. ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಿಕೊಡುವುದು ಒಳ್ಳೆಯದು.

ಮೇಲೆ ಕೆಳಗೆ ಹಿಗ್ಗುವ ಗ್ರೂಪ್

ಗ್ರೂಪ್ ಅಡ್ಡಕ್ಕೆ ಕಿರಿದಾಗಿಯೇ ಇದ್ದು ನೆಟ್ಟಗೆ ಮೇಲಿನಿಂದ ಕೆಳಕ್ಕೆ ಉದ್ದವಾಗುತ್ತಿದ್ದರೆ ಬ್ರೇಕಿನ ಮಾತನ್ನೇ ಬಿಡಬೇಕು. ಅಲ್ಲಿ ನೋಡಬೇಕಾದದ್ದು ವೇಗವನ್ನು. ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ 10 ಮೀಟರ್ ಕ್ರಮಿಸುವಷ್ಟರಲ್ಲಿ ಸುಮಾರು 17 ಮಿಲಿಮೀಟರ್ ಕೆಳಗಿಳಿದಿರುತ್ತದೆ. ವೇಗದಲ್ಲಿ ನೂರಕ್ಕೆ ಒಂದರಷ್ಟು ಏರುಪೇರಾದರೆ ಈ ಇಳಿತದಲ್ಲಿ ಮಿಲಿಮೀಟರಿನ ಮೂರನೇ ಒಂದು ಭಾಗ, ನೂರಕ್ಕೆ ಮೂರರಷ್ಟಾದರೆ ಪೂರ್ತಿ ಒಂದು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಪೆಲೆಟ್ಟಿನ ವೇಗ ಅಳೆಯುವ ಕ್ರೊನೊಗ್ರಾಫ್ ಸಿಕ್ಕಿದರೆ ಹತ್ತು ಹೊಡೆತಗಳ ವೇಗವನ್ನು ಬರೆದುಕೊಂಡು ನೋಡುವುದೇ ನೇರವಾದ ದಾರಿ. ಅದು ಇಲ್ಲದಿದ್ದರೆ, ಹತ್ತು ನಿಮಿಷ ಸುಮ್ಮನಿಟ್ಟು ಹೊಡೆದ ಮೊದಲ ಪೆಲೆಟ್ ಪ್ರತಿಬಾರಿಯೂ ಉಳಿದವಕ್ಕಿಂತ ಬೇರೆ ಎತ್ತರದಲ್ಲಿ ಬೀಳುತ್ತದೆಯೇ ಎಂದು ಗಮನಿಸಬೇಕು. ಹಾಗಿದ್ದರೆ ಪ್ರತಿ ಹೊಡೆತಕ್ಕೂ ಗಾಳಿಯನ್ನು ಒಂದೇ ಒತ್ತಡದಲ್ಲಿ ಕೊಡಬೇಕಾದ ರೆಗ್ಯುಲೇಟರ್ ಒತ್ತಡವನ್ನು ಹಿಡಿದಿಡುತ್ತಿಲ್ಲ.

ಕರಾವಳಿಯಲ್ಲಿ ರೆಗ್ಯುಲೇಟರ್ ಕೆಡಲು ತೇವವೇ ಮುಖ್ಯ ಶತ್ರು. ಜುಲೈ ತಿಂಗಳ ಗಾಳಿಯನ್ನು ಕೈಪಂಪಿನಲ್ಲಿ 200 ಬಾರ್‌ಗೆ ಒತ್ತಿ ತುಂಬಿದಾಗ ಅದರಲ್ಲಿದ್ದ ನೀರಿನ ಆವಿ ಸಿಲಿಂಡರಿನೊಳಗೆ ಹನಿಯಾಗಿ ಉಳಿಯುತ್ತದೆ. ಪಂಪಿನ ಜೊತೆಗೆ ತೇವ ಹೀರುವ ಫಿಲ್ಟರ್ ಇರಲಿ, ಇಲ್ಲವೇ ಒಣಗಾಳಿ ತುಂಬಿದ ದೊಡ್ಡ ಸ್ಕೂಬಾ ಸಿಲಿಂಡರಿನಿಂದ ತುಂಬಿಸುವ ಏರ್ಪಾಡಿರಲಿ. ರೆಗ್ಯುಲೇಟರನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ಸಿಲಿಂಡರಿನ ಮೇಲೆ ಅಚ್ಚೊತ್ತಿದ ಅವಧಿಯನ್ನೂ ಇದೇ ಸಂದರ್ಭದಲ್ಲಿ ಓದಿಕೊಳ್ಳಬೇಕು. ಅವಧಿ ಮುಗಿಯದ ಸಿಲಿಂಡರ್ ಬಳಸುವ ಹೊಣೆಯನ್ನು ಐಎಸ್‌ಎಸ್‌ಎಫ್ ನಿಯಮ ಶೂಟರಿನ ಮೇಲೆಯೇ ಹಾಕಿದೆ.

ಗ್ರೂಪ್ ಅಡ್ಡಕ್ಕೆ ಹಿಗ್ಗಿದ್ದರೆ ರೈಫಲ್ಲಿಗಿಂತ ಮೊದಲು ಫ್ಯಾನ್ ನೋಡಬೇಕು. ಏಪ್ರಿಲ್, ಮೇ ತಿಂಗಳ ಸೆಕೆಗೆ ಮಹಡಿಯ ಶೀಟಿನಡಿ ಲೇನ್ ಮಾಡಿಕೊಂಡವರು ಪಕ್ಕದಲ್ಲಿ ಸ್ಟ್ಯಾಂಡ್ ಫ್ಯಾನ್ ತಿರುಗಿಸಿಟ್ಟುಕೊಂಡು, ಗ್ರೂಪ್ ಒಂದೆರಡು ಮಿಲಿಮೀಟರ್ ಅತ್ತಿತ್ತ ಹೋಯಿತೆಂದು ಹೊಸ ಬ್ರೇಕ್ ಹುಡುಕುವುದುಂಟು. ಅರ್ಧ ಗ್ರಾಂ ತೂಕದ ಚಪ್ಪಟೆ ಪೆಲೆಟ್ಟನ್ನು ಸರಿಸಲು ಅಷ್ಟು ಗಾಳಿ ಧಾರಾಳ ಸಾಕು. ಮರದ ಸ್ಟಾಕಿನ ರೈಫಲ್ಲಿನಲ್ಲಿ ಮಳೆಗಾಲಕ್ಕೆ ಮರ ಉಬ್ಬುವುದರಿಂದ ಯಂತ್ರಭಾಗ ಹಿಡಿದಿರುವ ತಿರುಪುಗಳ ಬಿಗಿತವೂ ಬದಲಾಗುತ್ತದೆ; ತಯಾರಕರು ಹೇಳಿದ ಬಿಗಿತಕ್ಕೆ ಅವನ್ನು ಮತ್ತೆ ತರಬೇಕು.

ಸ್ಪ್ರಿಂಗ್ ರೈಫಲ್ಲಿನ ವಿಚಾರ ಬೇರೆ

ಬ್ಯಾರೆಲ್ ಮುರಿದು (ಕೀಲಿನಲ್ಲಿ ಕೆಳಕ್ಕೆ ಮಡಚಿ) ಲೋಡ್ ಮಾಡುವ ಸ್ಪ್ರಿಂಗ್ ರೈಫಲ್ಲಿನಿಂದ ಆರಂಭಿಸುವ ಮಕ್ಕಳೇ ಇಲ್ಲಿ ಹೆಚ್ಚು. ಅದರ ಒದೆತ ಬಾಯಿಯ ಗಾಳಿಯಿಂದ ಬರುವುದಲ್ಲ, ಒಳಗಿನ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗಿ ನಿಲ್ಲುವುದರಿಂದ ಬರುವುದು; ರೈಫಲ್ ಮೊದಲು ಹಿಂದಕ್ಕೂ ಆಮೇಲೆ ಮುಂದಕ್ಕೂ ಜಿಗಿಯುತ್ತದೆ, ಈ ಚಲನೆಯ ದೊಡ್ಡ ಪಾಲು ಪೆಲೆಟ್ ಇನ್ನೂ ಬ್ಯಾರೆಲ್ಲಿನೊಳಗೆ ಇರುವಾಗಲೇ ನಡೆದುಹೋಗುತ್ತದೆ. ಯಾವ ಬ್ರೇಕೂ ಇದನ್ನು ತಡೆಯಲಾರದು. ಅಂತಹ ರೈಫಲ್‌ಗಳಲ್ಲಿ ಬ್ರೇಕ್ ಎಂಬ ಹೆಸರಿನಿಂದ ಬರುವ ವಸ್ತು ಬಹುತೇಕ ಬ್ಯಾರೆಲ್ ಮುರಿಯಲು ಸಿಗುವ ಹಿಡಿ ಮತ್ತು ತುದಿಯ ತೂಕ. ಅಲ್ಲಿ ಗ್ರೂಪ್ ಚದುರಿದರೆ ಸ್ಟಾಕಿನ ತಿರುಪುಗಳು, ಬ್ಯಾರೆಲ್ಲಿನ ಕೀಲಿನ ಅಲುಗಾಟ, ಹಿಡಿತದ ಬಿಗಿ ಇವನ್ನು ಇದೇ ಅನುಕ್ರಮದಲ್ಲಿ ನೋಡಬೇಕು. ಮುಂದಿನ ಕೈಯಲ್ಲಿ ಬಿಗಿಯಾಗಿ ಹಿಡಿಯದೆ ರೈಫಲ್ಲಿಗೆ ಜಿಗಿಯಲು ಒಂದೇ ರೀತಿಯ ಸ್ವಾತಂತ್ರ್ಯ ಕೊಡುವುದನ್ನು ಕಲಿತರೆ ಅರ್ಧ ದೋಷ ಅಲ್ಲಿಗೇ ನಿಲ್ಲುತ್ತದೆ.

ಇಷ್ಟಾದ ಮೇಲೂ ಬ್ರೇಕ್ ಬೇಕೆಂದರೆ

ತನ್ನ ಸ್ಪರ್ಧೆಯ ನಿಯಮ ಒಪ್ಪುತ್ತದೆಯೆಂದು ಖಚಿತವಾಗಿರುವ ಏರ್ ರೈಫಲ್ ಶೂಟರ್ ಆರಿಸಿಕೊಳ್ಳಬೇಕಾದದ್ದು ಚಿಕ್ಕದಾದ, ಉಕ್ಕಿನಿಂದ ಕಡೆದ, ಅಂತರವನ್ನು ಹೊಂದಿಸಲು ಬರುವ ಕೋನ್ (ಶಂಕುವಿನಾಕಾರದ ಭಾಗ) ಇರುವ ಏರ್ ಸ್ಟ್ರಿಪ್ಪರನ್ನು. ಕೋನ್ ಮತ್ತು ಕ್ರೌನ್ ನಡುವಿನ ಅಂತರವನ್ನು ಸ್ವಲ್ಪಸ್ವಲ್ಪವೇ ಬದಲಿಸಿ ಹತ್ತರ ಗ್ರೂಪ್ ಹೊಡೆದು ನೋಡಿ, ಅತಿ ಕಿರಿದಾದ ಸ್ಥಾನದಲ್ಲಿ ಲಾಕ್ ನಟ್ ಬಿಗಿಯಬೇಕು. ಅಲ್ಯೂಮಿನಿಯಂ ಹಗುರವಾದರೂ ನಮ್ಮ ಹವೆಗೆ ಅದರ ಪಾಲನೆಯ ಶ್ರಮ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಉದ್ದ ಹೆಚ್ಚಿದಷ್ಟೂ ಓರೆಯ ಅಪಾಯ ಹೆಚ್ಚೆಂಬುದನ್ನು ಮೇಲಿನ ಲೆಕ್ಕವೇ ಹೇಳಿದೆ.

ಪರವಾನಗಿ ಇರುವ ದೊಡ್ಡ ರೈಫಲ್ಲಿನವರು, ಅದೂ ನಿಯಮ ಒಪ್ಪುವ ಸ್ಪರ್ಧೆಯಲ್ಲಿ, ರಂಧ್ರಗಳು ಯಾವ ಕಡೆ ಇವೆ ಎಂಬುದನ್ನು ಮುಖ್ಯವಾಗಿ ನೋಡಬೇಕು. ಎರಡೂ ಪಕ್ಕದಲ್ಲಿ ಅಗಲವಾದ ಕಿಂಡಿಗಳಿರುವುದು ಒದೆತವನ್ನು ತಗ್ಗಿಸುತ್ತದೆ. ಮೇಲ್ಭಾಗದಲ್ಲೂ ಸಣ್ಣ ರಂಧ್ರಗಳಿದ್ದರೆ ತುದಿ ಮೇಲೇಳುವುದನ್ನು ಒತ್ತಿಹಿಡಿಯುತ್ತದೆ. ಸುತ್ತಲೂ ರಂಧ್ರಗಳಿರುವುದು ಮಲಗಿ ಹೊಡೆಯುವಾಗ ನೆಲದ ಧೂಳನ್ನು ಎಬ್ಬಿಸಿ ಕಣ್ಣಿಗೇ ತರುತ್ತದೆ. ಪಕ್ಕಕ್ಕೆ ತಿರುಗಿಸಿದ ಅನಿಲದ ಜೊತೆಗೆ ಸದ್ದೂ ಪಕ್ಕದವರ ಕಡೆಗೆ ತಿರುಗುವುದರಿಂದ ಶೂಟರಿಗೂ ಅಕ್ಕಪಕ್ಕದ ಲೇನಿನವರಿಗೂ ಕಿವಿರಕ್ಷಕ ಇಲ್ಲದೆ ಇದನ್ನು ಬಳಸಲೇಬಾರದು.

ಯಾವುದನ್ನೇ ಜೋಡಿಸಿದರೂ ಸೈಟ್ ಹೊಸದಾಗಿ ಹೊಂದಿಸಿಕೊಳ್ಳಬೇಕು, ಮತ್ತು ಸೀಸದ ಗೀರಿನ ಪರೀಕ್ಷೆಯನ್ನು ಮೊದಲ ನೂರು ಪೆಲೆಟ್‌ಗಳ ನಂತರ ಇನ್ನೊಮ್ಮೆ ಮಾಡಬೇಕು, ಏಕೆಂದರೆ ಹೊಸ ಥ್ರೆಡ್ ಆ ಅವಧಿಯಲ್ಲಿ ಸ್ವಲ್ಪ ಸಡಿಲವಾಗುವುದುಂಟು. ಐಎಸ್‌ಎಸ್‌ಎಫ್ ನಿಯಮದ ಸ್ಪರ್ಧೆಗೂ ಅದೇ ರೈಫಲ್ ಬಳಸುವವರು ಸ್ಟ್ರಿಪ್ಪರ್ ಬಿಚ್ಚಿ, ರಂಧ್ರವಿಲ್ಲದ ಟ್ಯೂಬ್ ಹಾಕಿ, ಸೈಟ್ ಸಮೇತ ತೂಕವನ್ನೂ ಉದ್ದವನ್ನೂ ಊರು ಬಿಡುವ ಮೊದಲೇ ಅಳೆದುಕೊಳ್ಳಬೇಕು.